ಕಂಪನಿಯ ವೈರಿಂಗಿಗೆ ಕತ್ತರಿ ಹಾಕಬೇಡಿ: ಕರಾವಳಿಯಲ್ಲಿ ಟೂರಿಂಗ್ ಬೈಕಿನ ಇಲೆಕ್ಟ್ರಿಕಲ್ ಕೆಲಸ

ಮಂಗಳೂರಿನಲ್ಲಿ ಬೈಕ್ ಸವಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇವೆ.

ಎಲ್ಲರಿಗೂ ನಮಸ್ಕಾರ. ಹೊರಗೆ ನಿಂತ ಬೈಕುಗಳನ್ನು ನೋಡಿದರೆ ಸಾಕು, ಕಂಪನಿಯಿಂದ ಬಂದ ಹಾಗೇ ಉಳಿದದ್ದು ಹುಡುಕಿದರೂ ಸಿಗುವುದು ಕಷ್ಟ. ಫಾಗ್ ಲೈಟ್, ಯುಎಸ್‌ಬಿ ಚಾರ್ಜರ್, ಜೋಡಿ ಹಾರ್ನ್, ಜಿಪಿಎಸ್ ಟ್ರ್ಯಾಕರ್, ಕೆಲವರದ್ದರಲ್ಲಿ ಡ್ಯಾಶ್ ಕ್ಯಾಮೆರಾ ಕೂಡ ಉಂಟು. ಇದೆಲ್ಲ ಬೇಡ ಎನ್ನಲು ನಾವು ಬಂದದ್ದಲ್ಲ. ಬೆಳಗ್ಗೆ ಐದಕ್ಕೆ ಮಂಜಿನಲ್ಲಿ ಚಾರ್ಮಾಡಿ ಹತ್ತುವವನಿಗೆ ಫಾಗ್ ಲೈಟ್ ಬೇಕೇ ಬೇಕು. ಆದರೆ ವರ್ಕ್‌ಶಾಪಿಗೆ ಬರುವ ತಕರಾರುಗಳನ್ನು ನೋಡಿದರೆ, ಹಾಕಿಸಿದ ಸಾಮಾನು ಕೆಟ್ಟದ್ದು ಕಡಿಮೆ. ಅದನ್ನು ಬೈಕಿನ ವೈರಿಂಗಿಗೆ ಸೇರಿಸಿದ ಜಾಯಿಂಟ್ ಕೆಟ್ಟದ್ದೇ ಹೆಚ್ಚು. ನಮ್ಮಲ್ಲಿ ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಲ್ಲದ ಮಳೆ. ಬೆಂಗಳೂರಿನಲ್ಲಿ ಐದು ವರ್ಷ ಬಾಳುವ ಜಾಯಿಂಟು ಇಲ್ಲಿ ಎರಡನೇ ಮಳೆಗಾಲ ಕಾಣುವುದಿಲ್ಲ. ಹಾಗಾಗಿ ಇವತ್ತಿನ ಮಾತೆಲ್ಲ ಸುತ್ತುವುದು ಒಂದೇ ವಿಷಯದ ಸುತ್ತ: ಕಂಪನಿಯ ವೈರಿಂಗನ್ನು ಕತ್ತರಿಸದೆ, ಅದರ ಪಕ್ಕದಲ್ಲಿ ನಮ್ಮದೇ ಒಂದು ಸಣ್ಣ ಲೈನ್ ಎಳೆಯುವುದು, ಅದರೊಳಗೆ ನೀರು ಹೋಗದ ಹಾಗೆ ಮಾಡುವುದು.

ಮೊದಲು ಲೆಕ್ಕ

ಬೈಕಿನಲ್ಲಿ ಕರೆಂಟು ಹುಟ್ಟುವುದು ಎಂಜಿನ್ ಪಕ್ಕದ ಕವರಿನೊಳಗಿನ ಸ್ಟೇಟರ್ ಕಾಯಿಲಿನಲ್ಲಿ. ಅಲ್ಲಿಂದ ಒಂದೇ ಬಣ್ಣದ ಮೂರು ವೈರುಗಳಲ್ಲಿ ಎಸಿ ಹೊರಗೆ ಬರುತ್ತದೆ. ರೆಗ್ಯುಲೇಟರ್ ರೆಕ್ಟಿಫೈಯರ್ ಅದನ್ನು ಡಿಸಿ ಮಾಡಿ 14 ವೋಲ್ಟಿನ ಆಚೀಚೆ ಹಿಡಿದಿಡುತ್ತದೆ. ಬೈಕಿನ ಕ್ಯಾಟಲಾಗಿನಲ್ಲಿ 220 ವಾಟ್ ಎಂದು ಬರೆದಿದೆ ಅಂತಿಟ್ಟುಕೊಳ್ಳಿ. ಅದು ಎಂಜಿನ್ ಒಳ್ಳೆಯ ಆರ್‌ಪಿಎಮ್ಮಿನಲ್ಲಿ ಓಡುವಾಗ ಸಿಗುವುದು. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಕೊಡದೆ ಎಂಜಿನ್ ಸುಮ್ಮನೆ ಓಡುವಾಗ, ಅದರ ಅರ್ಧ ಸಿಕ್ಕಿದರೆ ದೊಡ್ಡದು.

ಈಗ ಖರ್ಚು. ಎಚ್4 ಮಾದರಿ ಬಲ್ಬಿನ ಹೆಡ್‌ಲೈಟ್ 60 ವಾಟ್, ಟೇಲ್ ಲ್ಯಾಂಪ್ 5, ಪೆಟ್ರೋಲ್ ಪಂಪ್ ಹೆಚ್ಚುಕಡಿಮೆ 45, ಇಂಜೆಕ್ಟರ್, ಇಗ್ನಿಷನ್ ಕಾಯಿಲ್, ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯು ಸೇರಿ ಒಂದು 30, ಮೀಟರ್ ಮತ್ತು ಎಬಿಎಸ್ ಯೂನಿಟ್ 10, ಬ್ಯಾಟರಿ ತುಂಬಲಿಕ್ಕೆ 20. ಒಟ್ಟು 170. ಉಳಿದದ್ದು 50 ವಾಟ್. ಬ್ರೇಕ್ ಹಿಡಿದರೆ ಇನ್ನೊಂದು 21 ವಾಟ್ ಹೋಯಿತು. ಲಿಕ್ವಿಡ್ ಕೂಲ್ಡ್ ಬೈಕಾದರೆ ನಂತೂರಿನಲ್ಲೋ ಪಂಪ್‌ವೆಲ್‌ನಲ್ಲೋ ಸಿಕ್ಕಿಕೊಂಡಾಗ ರೇಡಿಯೇಟರ್ ಫ್ಯಾನ್ ತಿರುಗಿ 3ರಿಂದ 5 ಆಂಪ್ಸ್ ಎಳೆಯುತ್ತದೆ. ಅದೂ ಐಡ್ಲಿಂಗ್‌ನಲ್ಲಿ, ಅಂದರೆ ಹುಟ್ಟುವುದು ಕಡಿಮೆ ಇರುವಾಗಲೇ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸಲು ಸ್ವಿಚ್ಚೇ ಇಲ್ಲ, ಎಂಜಿನ್ ಓಡುವಷ್ಟು ಹೊತ್ತು ಅದು ಉರಿಯುತ್ತಲೇ ಇರುತ್ತದೆ. ಹಗಲು ಹೊತ್ತು ಲೈಟ್ ಆಫ್ ಮಾಡಿ ಉಳಿಸುತ್ತೇನೆ ಎನ್ನುವ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ.

ಹಾಕಿಸುವ ಸಾಮಾನಿನ ಮೇಲೆ ಬರೆದ ವಾಟ್ ನಂಬಬೇಡಿ. 60 ವಾಟ್ ಎಂದು ಪೆಟ್ಟಿಗೆಯ ಮೇಲೆ ಬರೆದ ಎಲ್‌ಇಡಿ ಜೋಡಿ ಅಳೆದು ನೋಡಿದರೆ ಬಹಳ ಸಲ 20 ವಾಟ್ ಕೂಡ ಎಳೆಯುವುದಿಲ್ಲ. ಮಲ್ಟಿಮೀಟರನ್ನು 10 ಆಂಪ್ಸ್ ತೂತಿಗೆ ಹಾಕಿ, ಲೈಟಿನ ಪಾಸಿಟಿವ್ ದಾರಿಯಲ್ಲಿ ಸೇರಿಸಿ ಓದಿ. ಆಂಪ್ಸನ್ನು ವೋಲ್ಟಿನಿಂದ ಗುಣಿಸಿದರೆ ನಿಜವಾದ ವಾಟ್. 18 ವಾಟಿನ ಫಾಸ್ಟ್ ಚಾರ್ಜರ್ ಫೋನ್ ತುಂಬುವಾಗ ಬೈಕಿನಿಂದ ಸುಮಾರು ಒಂದೂವರೆ ಆಂಪ್ಸ್ ತೆಗೆದುಕೊಳ್ಳುತ್ತದೆ. ಡ್ಯಾಶ್ ಕ್ಯಾಮೆರಾ ಅರ್ಧ ಆಂಪ್ಸ್ ಸುಮಾರು. ಟೈರಿಗೆ ಗಾಳಿ ತುಂಬುವ ಪಂಪ್ 8ರಿಂದ 12 ಆಂಪ್ಸ್, ಅದನ್ನು ಯುಎಸ್‌ಬಿ ಲೈನಿನ ಸಾಕೆಟ್ಟಿಗೆ ಚುಚ್ಚಿದರೆ ಫ್ಯೂಸು ಹೋಗುವುದು ಖಂಡಿತ. ಅದಕ್ಕೆ ಬ್ಯಾಟರಿಯಿಂದ ನೇರ ಒಂದು ಫ್ಯೂಸ್ ಇರುವ ಪಿಗ್‌ಟೇಲ್, ಅಂದರೆ ತುದಿಯಲ್ಲಿ ಸಾಕೆಟ್ ಇರುವ ತುಂಡು ವೈರು, ಇಳಿಸಿ, ಎಂಜಿನ್ ಸ್ಟಾರ್ಟ್ ಮಾಡಿಟ್ಟು ಬಳಸಿ. ಹ್ಯಾಂಡಲ್ ಹಿಡಿ ಬಿಸಿ ಮಾಡುವ ಹೀಟೆಡ್ ಗ್ರಿಪ್ 30ರಿಂದ 40 ವಾಟ್ ತಿನ್ನುತ್ತದೆ. ನಮ್ಮ ಸೆಕೆಗೆ ಅದು ಎಂತಕ್ಕೆ ಅಂತ ಕೇಳಬಹುದು. ಲಡಾಖಿಗೆ ಹೋಗುವವರು ಹಾಕಿಸಿಕೊಂಡು, ಬಂದ ಮೇಲೆ ಬಿಚ್ಚಿಡಿ.

ಲೆಕ್ಕ ಸರಿಯೋ ಇಲ್ಲವೋ ನೋಡಲು ಸುಲಭದ ಪರೀಕ್ಷೆ ಉಂಟು. ಮಲ್ಟಿಮೀಟರನ್ನು ಆಂಪ್ಸ್ ತೂತಿನಿಂದ ವೋಲ್ಟಿಗೆ ಬದಲಿಸಿ, ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡಿಯಿರಿ. ಎಂಜಿನ್ ಆಫ್ ಮಾಡಿ ಕೆಲವು ಗಂಟೆ ನಿಂತ ಬ್ಯಾಟರಿ 12.6ರಿಂದ 12.8 ತೋರಿಸಬೇಕು. ಸ್ಟಾರ್ಟ್ ಮಾಡಿ, ಹಾಕಿಸಿದ್ದನ್ನೆಲ್ಲ ಆನ್ ಮಾಡಿ, ಐಡ್ಲಿಂಗ್‌ನಲ್ಲಿ ನೋಡಿ. 13.2ರ ಮೇಲೆ ನಿಂತರೆ ಬ್ಯಾಟರಿ ತುಂಬುತ್ತಿದೆ. 12.7ಕ್ಕೆ ಇಳಿದು ಮೆಲ್ಲ ಮೆಲ್ಲ ಕೆಳಗೆ ಜಾರುತ್ತಿದ್ದರೆ ಬ್ಯಾಟರಿಯಿಂದಲೇ ಖರ್ಚಾಗುತ್ತಿದೆ ಎಂದರ್ಥ. ಎಂಜಿನನ್ನು 4000 ಆರ್‌ಪಿಎಮ್ಮಿಗೆ ಏರಿಸಿದಾಗ 13.8ರಿಂದ 14.5ರ ನಡುವೆ ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಆ ಬೈಕನ್ನು ಮತ್ತೆ ಓಡಿಸಬೇಡಿ. ಮೊದಲು ಬ್ಯಾಟರಿ ಕುದಿಯುತ್ತದೆ, ಮತ್ತೆ ಇಸಿಯು ಸರದಿ.

ಇಲ್ಲೊಂದು ತಪ್ಪು ತಿಳುವಳಿಕೆ ಬಹಳ ಜನರಲ್ಲಿದೆ. ಹೆಡ್‌ಲೈಟನ್ನು ಎಲ್‌ಇಡಿ ಮಾಡಿದರೆ ಸ್ಟೇಟರಿಗೆ ವಿಶ್ರಾಂತಿ ಎಂದು. ನಮ್ಮಲ್ಲಿ ಓಡುವ ಹೆಚ್ಚಿನ ಬೈಕುಗಳಲ್ಲಿರುವುದು ಶಂಟ್ ಮಾದರಿಯ ರೆಗ್ಯುಲೇಟರ್. ಅದು ಬೇಡದ ಕರೆಂಟನ್ನು ತಡೆಯುವುದಿಲ್ಲ, ಸ್ಟೇಟರಿಗೇ ಶಾರ್ಟ್ ಮಾಡಿ ಸುತ್ತಿಸುತ್ತದೆ. ನೀವು ಲೋಡ್ ಕಡಿಮೆ ಮಾಡಿದಷ್ಟೂ ಸುತ್ತಿಸಬೇಕಾದ್ದು ಹೆಚ್ಚಾಗಿ ರೆಗ್ಯುಲೇಟರಿನ ಬಿಸಿ ಏರುತ್ತದೆ. ಉಳಿದ ವಾಟನ್ನು ಬೇರೆ ಸಾಮಾನಿಗೆ ಬಳಸಿಕೊಂಡರೆ ಎಲ್‌ಇಡಿಯಿಂದ ಲಾಭ ಉಂಟು, ಸುಮ್ಮನೆ ಉಳಿಸಿದರೆ ಇಲ್ಲ. ಸೀರೀಸ್ ಮಾದರಿಯದ್ದು, ಉದಾಹರಣೆಗೆ ಶಿಂಡೆಂಗೆನ್ ಎಸ್‌ಎಚ್775, ಬೇಡದಾಗ ದಾರಿಯನ್ನೇ ತೆರೆದುಬಿಡುತ್ತದೆ. ಸ್ಟೇಟರ್ ಮತ್ತೆ ಮತ್ತೆ ಸುಡುವ ಬೈಕುಗಳಿಗೆ ಅದನ್ನು ಹಾಕಿಸುವುದು ಇದೇ ಕಾರಣಕ್ಕೆ. ಯಾವುದೇ ಇರಲಿ, ರೆಗ್ಯುಲೇಟರಿನ ಅಲ್ಯೂಮಿನಿಯಂ ರೆಕ್ಕೆಗಳಿಗೆ ಗಾಳಿ ತಾಗಬೇಕು. ಮಳೆಗಾಲದಲ್ಲಿ ಅಲ್ಲಿ ಕೆಂಪು ಮಣ್ಣು ಅಂಟಿ ಒಣಗಿ ಗಟ್ಟಿಯಾಗಿರುತ್ತದೆ. ಬೈಕ್ ತೊಳೆಯುವಾಗ ಹಳೆಯ ಟೂತ್‌ಬ್ರಶ್‌ನಲ್ಲಿ ಅದನ್ನು ಬಿಡಿಸಿ. ಟೂಲ್ ಬಾಕ್ಸೋ ಕ್ರ್ಯಾಶ್ ಗಾರ್ಡ್ ಬ್ಯಾಗೋ ಅದಕ್ಕೆ ಅಡ್ಡ ಬಾರದ ಹಾಗೆ ನೋಡಿಕೊಳ್ಳಿ.

ಲೈನ್ ಎಳೆಯುವುದು

ಹೆಚ್ಚಿನ ಅಂಗಡಿಗಳಲ್ಲಿ ಫಾಗ್ ಲೈಟ್ ಹಾಕುವುದು ಹೇಗೆ? ಹೆಡ್‌ಲೈಟಿನ ಹಿಂದಿನ ಒಂದು ವೈರನ್ನು ಬ್ಲೇಡಿನಲ್ಲಿ ಕೆರೆದು, ಹೊಸ ವೈರನ್ನು ಸುತ್ತಿ, ಕರಿ ಟೇಪ್ ಹಚ್ಚಿ ಬಿಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆ ವೈರು 0.5 ಚದರ ಮಿಲಿಮೀಟರಿನದ್ದಾಗಿದ್ದರೆ ಒಂದು ಮೀಟರಿಗೆ ಸುಮಾರು 0.037 ಓಮ್ ರೆಸಿಸ್ಟೆನ್ಸ್ ಇರುತ್ತದೆ. ಹೋಗಿ ಬರುವ ದಾರಿ ಮೂರು ಮೀಟರ್, ಅದರಲ್ಲಿ 5 ಆಂಪ್ಸ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಹೋಯಿತು. 10 ಆಂಪ್ಸ್ ಹರಿಸಿದರೆ ಒಂದು ವೋಲ್ಟಿಗೂ ಮೇಲೆ. ಜೊತೆಗೆ ಇಗ್ನಿಷನ್ ಸ್ವಿಚ್ಚಿನ ಕಾಂಟ್ಯಾಕ್ಟ್ ಬಿಸಿಯಾಗಿ ಕರಗುತ್ತದೆ. ಕೀ ತಿರುಗಿಸಿದರೆ ಒಮ್ಮೆ ಮೀಟರ್ ಬರುತ್ತದೆ, ಒಮ್ಮೆ ಬರುವುದಿಲ್ಲ ಎನ್ನುವ ತಕರಾರಿನ ಹಿಂದೆ ಬಹಳ ಸಲ ಇರುವುದು ಇದೇ.

ಸರಿಯಾದ ದಾರಿ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು. ನಾಲ್ಕು ಪಿನ್ನಿನ ಆಟೋ ರಿಲೇಯ ತಳದಲ್ಲಿ 30, 85, 86, 87 ಎಂದು ಅಚ್ಚಾಗಿರುತ್ತದೆ. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ವೈರು ಮೊದಲು ಫ್ಯೂಸಿಗೆ, ಅಲ್ಲಿಂದ 30ಕ್ಕೆ. 87ರಿಂದ ಲೈಟುಗಳಿಗೆ. 86ಕ್ಕೆ ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟು ಬರುವ ಒಂದು ಲೈನ್. 85ರಿಂದ ಹೊರಟು, ಹ್ಯಾಂಡಲಿನ ಸ್ವಿಚ್ಚಿನ ಮೂಲಕ ಅರ್ಥಿಗೆ, ಅಂದರೆ ಬ್ಯಾಟರಿಯ ನೆಗೆಟಿವ್ ಕಡೆಗೆ. ರಿಲೇಯ ಕಾಯಿಲ್ ಎಳೆಯುವುದು 0.15 ಆಂಪ್ಸ್ ಆಸುಪಾಸು, ಆದ್ದರಿಂದ ಕಂಪನಿಯ ಲೈನಿಗೂ ಹ್ಯಾಂಡಲಿನ ಸಣ್ಣ ಸ್ವಿಚ್ಚಿಗೂ ಭಾರವಿಲ್ಲ. ಸ್ವಿಚ್ಚನ್ನು ಅರ್ಥ್ ಕಡೆಗೆ ಇಡುವುದರಲ್ಲಿ ಇನ್ನೊಂದು ಲಾಭವಿದೆ: ಹ್ಯಾಂಡಲ್ ತಿರುಗಿ ತಿರುಗಿ ಆ ವೈರು ಸವೆದು ಚಾಸಿಗೆ ತಾಗಿದರೆ ಲೈಟು ಆನ್ ಆಗಿಯೇ ಉಳಿಯುತ್ತದೆ, ಬೆಂಕಿ ಹುಟ್ಟುವುದಿಲ್ಲ. ಕಾಯಿಲಿಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಕೂಡಿಸಿರುವ ರಿಲೇ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ಕಾಯಿಲ್ ಬಿಡುವಾಗ ಏಳುವ ವೋಲ್ಟೇಜ್ ಪೆಟ್ಟು ಮೀಟರಿಗೂ ಇಸಿಯುಗೂ ಹೋಗದಂತೆ ಅದು ತಡೆಯುತ್ತದೆ. ಆದರೆ ಡಯೋಡ್ ಇದ್ದಾಗ 85, 86 ಅದಲುಬದಲು ಮಾಡುವಂತಿಲ್ಲ. ರಿಲೇಯ ಮೇಲೆ ಬರೆದ ಚಿತ್ರ ನೋಡಿ, 86 ಪಾಸಿಟಿವ್ ಇರಬೇಕು.

ಫ್ಯೂಸು ಇರಬೇಕಾದ್ದು ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಸೀಟಿನಡಿಯ ಬ್ಯಾಟರಿಯಿಂದ ಒಂದು ಮೀಟರ್ ವೈರ್ ಎಳೆದು ಹೆಡ್‌ಲೈಟಿನ ಹತ್ತಿರ ಫ್ಯೂಸ್ ಹಾಕಿದರೆ ಆ ಒಂದು ಮೀಟರಿಗೆ ಕಾವಲು ಯಾರು? ಫ್ಯೂಸ್ ಇರುವುದು ಲೈಟನ್ನು ಉಳಿಸಲಿಕ್ಕಲ್ಲ, ವೈರನ್ನು ಉಳಿಸಲಿಕ್ಕೆ. ಅಳೆದ ಲೋಡಿನ ಒಂದೂವರೆ ಪಟ್ಟು ಸಾಕು. ಲೈಟ್ ಜೋಡಿ 3 ಆಂಪ್ಸ್ ಎಳೆದರೆ 5ರ ಫ್ಯೂಸು, 6 ಎಳೆದರೆ 10ರದ್ದು. ಬ್ಲೇಡ್ ಫ್ಯೂಸಿನ ಬಣ್ಣ ನೆನಪಿಟ್ಟುಕೊಳ್ಳಿ: 5 ತಿಳಿಕಂದು, 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ. ಫ್ಯೂಸು ಪದೇ ಪದೇ ಹೋಗುತ್ತದೆಂದು ಹಳದಿ ಹಾಕಿ ಹೋಗುವವರಿದ್ದಾರೆ ಮಾರಾಯ್ರೆ, ಆಮೇಲೆ ಟ್ಯಾಂಕಿನಡಿ ಹೊಗೆ ಬಂದಾಗ ಬೈಕ್ ಕಂಪನಿಯನ್ನು ಬೈಯುತ್ತಾರೆ.

ವೈರು 5 ಆಂಪ್ಸ್‌ವರೆಗೆ 1 ಚದರ ಮಿಲಿಮೀಟರ್, 10ರವರೆಗೆ 1.5. ಮನೆ ವೈರಿಂಗಿಗೆ ತಂದು ಉಳಿದ ವೈರು ಬೇಡ. ಅದರ ದಪ್ಪ ಎಳೆಗಳು ಸಿಂಗಲ್ ಸಿಲಿಂಡರ್ ಎಂಜಿನಿನ ನಡುಕಕ್ಕೆ ಒಳಗೊಳಗೇ ತುಂಡಾಗುತ್ತವೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿ ಕಾಣುತ್ತದೆ. ನವುರಾದ ಎಳೆಗಳಿರುವ ಆಟೋ ವೈರ್ ಬೇಕು. ಎಳೆಗಳ ಮೇಲೆ ತವರದ ಲೇಪವಿರುವ, ಕತ್ತರಿಸಿದರೆ ಬೆಳ್ಳಗೆ ಕಾಣುವ ವೈರು ಸಿಕ್ಕಿದರೆ ಕರಾವಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬೋಟುಗಳಿಗೆ ಬಳಸುವುದು ಅದನ್ನೇ, ಮಲ್ಪೆಯಲ್ಲೋ ಮಂಗಳೂರಿನ ಬಂದರಿನಲ್ಲೋ ಬೋಟಿನ ಇಲೆಕ್ಟ್ರಿಕಲ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಿ.

ಇನ್ನು ಅರ್ಥ್. ಲೈಟಿನ ಕರಿ ವೈರನ್ನು ಹತ್ತಿರದ ಬೋಲ್ಟಿಗೆ ಬಿಗಿದುಬಿಡುವುದು ರೂಢಿ. ಆ ಬೋಲ್ಟಿನಡಿ ಪೇಂಟು, ಪೌಡರ್ ಕೋಟಿಂಗು, ಒಂದು ಮಳೆಗಾಲ ಕಳೆದರೆ ತುಕ್ಕು. ಕ್ರ್ಯಾಶ್ ಗಾರ್ಡಿಗೆ ಅರ್ಥ್ ಕೊಟ್ಟರಂತೂ ಕರೆಂಟು ನಾಲ್ಕೈದು ತುಕ್ಕು ಹಿಡಿದ ಜಾಯಿಂಟು ದಾಟಿ ಬ್ಯಾಟರಿಗೆ ಬರಬೇಕು. ಪಾಸಿಟಿವಿನಷ್ಟೇ ದಪ್ಪದ ನೆಗೆಟಿವ್ ವೈರನ್ನು ಬ್ಯಾಟರಿಯವರೆಗೆ ಎಳೆಯಿರಿ. 40 ರೂಪಾಯಿಯ ವೈರಿಗೆ ಜಿಪುಣತನ ಬೇಡ. ಬ್ರೇಕ್ ಹಿಡಿದಾಗ ಇಂಡಿಕೇಟರ್ ಮಂಕಾಗಿ ಮಿನುಗಿದರೆ, ಹಾರ್ನ್ ಹೊಡೆದಾಗ ಮೀಟರ್ ಕಣ್ಣು ಮುಚ್ಚಿ ತೆರೆದರೆ, ಬೇರೇನೂ ಬಿಚ್ಚುವ ಮೊದಲು ಅರ್ಥ್ ನೋಡಿ.

ಬ್ಯಾಟರಿಗೆ ಕೈಹಾಕುವಾಗ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಫಾಗ್ ಲೈಟಿನ ಕ್ಲ್ಯಾಂಪಿಗೆ ಬೈಕಿನ ಮೇಲೆಯೇ ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿಯ ಎರಡೂ ವೈರು, ಇಸಿಯು ಮತ್ತು ಎಬಿಎಸ್‌ನ ಕಪ್ಲರ್ (ವೈರುಗಳನ್ನು ಬಿಚ್ಚಿ ಸೇರಿಸುವ ಪ್ಲಗ್) ಎಲ್ಲ ಬಿಚ್ಚಿಸಿ. ಕ್ಲ್ಯಾಂಪನ್ನೇ ಬಿಚ್ಚಿ ಕೊಂಡೊಯ್ದು ಮಾಡಿಸುವುದು ಇನ್ನೂ ಒಳ್ಳೆಯದು.

ಜಾಯಿಂಟು

ನಿಜವಾದ ಸಮಸ್ಯೆ ಇಲ್ಲಿಯೇ ಇರುವುದರಿಂದ ಸ್ವಲ್ಪ ನಿಧಾನಕ್ಕೆ ಹೇಳುತ್ತೇವೆ.

ತಿರುಚಿ ಕರಿ ಟೇಪ್ ಸುತ್ತಿದ ಒಂದು ಜಾಯಿಂಟನ್ನು ಮಳೆಗಾಲ ಕಳೆದು ಬಿಚ್ಚಿ ನೋಡಿ. ಟೇಪಿನ ಅಂಟು ಎಂಜಿನ್ ಬಿಸಿಗೆ ಕರಗಿ ಬೆರಳಿಗೆ ಹತ್ತುತ್ತದೆ, ಟೇಪು ಸಡಿಲಾಗಿ ಜಾರಿರುತ್ತದೆ. ಒಳಗೆ ಒಂದೆರಡು ಹನಿ ನೀರು ಇನ್ನೂ ಒಣಗಿರುವುದಿಲ್ಲ, ಯಾಕೆಂದರೆ ಟೇಪು ನೀರನ್ನು ಹೊರಗಿಡುವುದಕ್ಕಿಂತ ಒಳಗೆ ಹಿಡಿದಿಡುವುದರಲ್ಲಿ ಗಟ್ಟಿ. ತಾಮ್ರದ ಎಳೆಗಳ ಮೇಲೆ ಹಸಿರು ಪುಡಿ ಹಿಡಿದಿರುತ್ತದೆ. ಇನ್ಸುಲೇಶನನ್ನು ಒಂದು ಇಂಚು ಹಿಂದಕ್ಕೆ ಸುಲಿದರೆ ಅಲ್ಲಿಯೂ ತಾಮ್ರ ಕಪ್ಪು. ಇನ್ನೊಂದು ಇಂಚು ಸುಲಿದರೆ ಅಲ್ಲಿಯೂ ಕಪ್ಪೇ. ದೀಪದ ಬತ್ತಿ ಎಣ್ಣೆ ಏರಿಸಿಕೊಂಡ ಹಾಗೆ ಆ ಎಳೆಗಳ ಸಂದಿನಲ್ಲಿ ಉಪ್ಪುನೀರು ಏರಿರುತ್ತದೆ. ಅದಕ್ಕೇ ಒಮ್ಮೆ ಹಾಳಾದ ಜಾಯಿಂಟಿನ ತುದಿ ಕೆರೆದು ಮತ್ತೆ ಜೋಡಿಸಿದರೆ ಪ್ರಯೋಜನವಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ವೈರನ್ನು ಕತ್ತರಿಸಿ ಹೋಗಬೇಕು. ಕಂಪನಿಯ ವೈರೇ ಅಷ್ಟು ದೂರ ಕಪ್ಪಾಗಿದ್ದರೆ ಇಡೀ ಹಾರ್ನೆಸ್, ಅಂದರೆ ಬೈಕಿನ ವೈರುಗಳ ಕಟ್ಟನ್ನೇ, ಬದಲಿಸುವ ಮಾತು ಬರುತ್ತದೆ, ಅದರ ಬಿಲ್ಲಿಗೆ ನಾಲ್ಕು ಜೊತೆ ಫಾಗ್ ಲೈಟು ಬರುತ್ತದೆ.

ವೈರಿಗೆ ಅಮುಕಿ ಕೂರಿಸುವ ನೀಲಿ ಪ್ಲಾಸ್ಟಿಕ್ ಟ್ಯಾಪ್ ಕ್ಲಿಪ್ಪುಗಳೂ ಇದೇ ಜಾತಿ. ಒಳಗಿನ ಬ್ಲೇಡು ಇನ್ಸುಲೇಶನ್ ಸೀಳಿ ಕೆಲವು ಎಳೆಗಳನ್ನೂ ಕತ್ತರಿಸುತ್ತದೆ, ಮತ್ತೆ ಆ ಸೀಳು ಯಾವತ್ತಿಗೂ ತೆರೆದೇ ಇರುತ್ತದೆ.

ಬೆಸುಗೆ ಹಾಕಿದರೆ ಆಯಿತಲ್ಲ ಎನ್ನುವವರಿಗೆ ಒಂದು ಮಾತು. ಮೇಜಿನ ಮೇಲಿನ ರೇಡಿಯೋದಲ್ಲಿ ಬೆಸುಗೆ ಚಂದ. ಬೈಕಿನಲ್ಲಿ ಕರಗಿದ ಸೋಲ್ಡರ್ ಎಳೆಗಳೊಳಗೆ ಏರಿ ವೈರಿನ ಒಂದಷ್ಟು ಉದ್ದ ಕಡ್ಡಿಯಂತಾಗುತ್ತದೆ. ಮೆತ್ತಗಿನ ವೈರು ಮುಗಿದು ಗಟ್ಟಿ ಭಾಗ ಶುರುವಾಗುವ ಗೆರೆಯಲ್ಲೇ ನಡುಕಕ್ಕೆ ಅದು ತುಂಡಾಗುತ್ತದೆ. ಹಾಗಾಗಿ ಲೋಹದ ಟರ್ಮಿನಲನ್ನು ವೈರಿನ ಮೇಲೆ ಅಮುಕಿ ಬಿಗಿಯುವ ಕ್ರಿಂಪಿಂಗೇ ಸರಿ. ಆದರೆ ಕಟ್ಟಿಂಗ್ ಪ್ಲೇಯರಿನಲ್ಲಿ ಜಜ್ಜಿದ್ದನ್ನು ಕ್ರಿಂಪಿಂಗ್ ಎನ್ನುವುದಿಲ್ಲ. ಪೂರ್ತಿ ಅಮುಕುವವರೆಗೆ ಬಿಟ್ಟುಕೊಡದ ರ‍್ಯಾಚೆಟ್ ಮಾದರಿಯ ಕ್ರಿಂಪರ್ ಬೇಕು. ವೈರಿನ ತುದಿಯಲ್ಲಿ 5ರಿಂದ 6 ಮಿಲಿಮೀಟರ್ ಸುಲಿಯಿರಿ, ಒಂದೇ ಒಂದು ಎಳೆ ತುಂಡಾದರೂ ಮತ್ತೆ ಸುಲಿಯಿರಿ. ಟರ್ಮಿನಲಿನ ಮುಂದಿನ ಜೋಡಿ ಕಿವಿ ತಾಮ್ರವನ್ನು ಹಿಡಿಯಬೇಕು, ಹಿಂದಿನ ಜೋಡಿ ಇನ್ಸುಲೇಶನನ್ನು. ಹಿಂದಿನದ್ದು ಇರುವುದು ನಡುಕವನ್ನು ಅಲ್ಲೇ ನಿಲ್ಲಿಸಲಿಕ್ಕೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆಯಿರಿ. ಕಿತ್ತು ಬಂದರೆ ಈಗಲೇ ಬರಲಿ, ಶಿರಾಡಿಯಲ್ಲಿ ಬರುವುದು ಬೇಡ.

ವೈರಿಗೆ ವೈರು ಸೇರಿಸುವ ಕಡೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಸಾದಾ ಸ್ಲೀವ್ ಬರೀ ಇನ್ಸುಲೇಶನ್, ನೀರು ತಡೆಯುವುದಿಲ್ಲ. ಮೂರಕ್ಕೊಂದು ಪಾಲಿಗೆ ಕುಗ್ಗುವುದನ್ನು ಕೇಳಿ ತೆಗೆದುಕೊಳ್ಳಿ. ಜಾಯಿಂಟಿನ ಎರಡೂ ಕಡೆ ಎರಡೆರಡು ಸೆಂಟಿಮೀಟರ್ ಮುಚ್ಚುವಷ್ಟು ಉದ್ದ ಬೇಕು. ಕ್ರಿಂಪ್ ಮಾಡುವ ಮೊದಲೇ ಅದನ್ನು ವೈರಿನೊಳಗೆ ತೂರಿಸಿಡಲು ಮರೆಯಬೇಡಿ. ಹಾಟ್ ಏರ್ ಗನ್ನಿನಲ್ಲಿ ನಡುವಿನಿಂದ ತುದಿಗೆ ಬಿಸಿ ಕೊಡುತ್ತಾ ಹೋದರೆ ಎರಡೂ ತುದಿಯಲ್ಲಿ ಅಂಟು ಸ್ವಲ್ಪ ಉಕ್ಕಿ ಕಾಣುತ್ತದೆ. ಅದು ಕಂಡರೆ ಜಾಯಿಂಟು ಮುಚ್ಚಿದೆ. ಸಿಗರೇಟ್ ಲೈಟರಿನಲ್ಲಿ ಮಾಡಿದರೆ ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿಯಾಗಿಯೇ ಉಳಿಯುತ್ತದೆ.

ಆಗಾಗ ಬಿಚ್ಚಬೇಕಾದ ಕಡೆ ರಬ್ಬರ್ ಸೀಲ್ ಇರುವ ಕಪ್ಲರ್ ಹಾಕಿ. ಸೂಪರ್‌ಸೀಲ್ 1.5 ಹೆಸರಿನ ಕಪ್ಲರ್ ಒಂದು ಪಿನ್ನಿಗೆ 14 ಆಂಪ್ಸ್‌ವರೆಗೆ ತಡೆಯುತ್ತದೆ, ಬೈಕಿಗೆ ಧಾರಾಳ ಸಾಕು. ಡಾಯ್ಚ್ ಡಿಟಿ ಇನ್ನೂ ಗಟ್ಟಿ, ಜಾಗ ಮತ್ತು ದುಡ್ಡು ಎರಡೂ ಹೆಚ್ಚು ಬೇಕು. ಪ್ರತಿ ವೈರಿನ ಹಿಂದೆ ಅದರದ್ದೇ ಸಣ್ಣ ರಬ್ಬರ್ ಸೀಲ್ ಕೂರಿಸಿ, ಖಾಲಿ ತೂತಿಗೆ ಮುಚ್ಚಳದ ಪ್ಲಗ್ ಹಾಕಿ. ಸಿಲಿಕಾನ್ ಗ್ರೀಸನ್ನು ಸೀಲಿನ ಮೇಲೆ ತೆಳುವಾಗಿ ಸವರಿದರೆ ಸಾಕು. ಅದು ಕರೆಂಟು ಹರಿಸುವ ವಸ್ತುವಲ್ಲ, ಪಿನ್ನಿನೊಳಗೆ ತುಂಬಬೇಡಿ. ಕಪ್ಲರಿನ ಬಾಯಿ ಕೆಳಗೆ ನೋಡುತ್ತಿರಲಿ. ಅದಕ್ಕೆ ಹೋಗುವ ವೈರು ಒಮ್ಮೆ ಕೆಳಕ್ಕೆ ಇಳಿದು ಮತ್ತೆ ಮೇಲಕ್ಕೆ ಏರುವ ಹಾಗೆ ಒಂದು ಬಳುಕು ಬಿಟ್ಟರೆ ನೀರು ಆ ಬಳುಕಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ವೈರುಗಳ ಮೇಲೆ ಹಾಕುವ ಸುರುಳಿ ಪೈಪಿಗೆ ಅತಿ ತಗ್ಗಿನ ಜಾಗದಲ್ಲಿ ಒಂದು ಸಣ್ಣ ತೂತು ಮಾಡಿ. ಇಲ್ಲದಿದ್ದರೆ ಅದರೊಳಗೆ ನೀರು ನಿಲ್ಲುತ್ತದೆ.

ವೈರು ಸಾಗುವ ದಾರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಬಿಗಿಯುತ್ತದೆಯೋ ನೋಡಿ, ಆಮೇಲೆ ಟೈ ಹಾಕಿ. ಸೈಲೆನ್ಸರ್ ಪೈಪಿನಿಂದ ನಾಲ್ಕು ಬೆರಳು ದೂರವಿಡಿ. ಎಬಿಎಸ್ ಸೆನ್ಸರಿನ ವೈರಿಗೆ ಜೊತೆಯಾಗಿ ಕಟ್ಟಬೇಡಿ. ರಿಲೇಯನ್ನು ಸೀಟಿನಡಿ ತಲೆ ಮೇಲೆ, ಪಿನ್ನು ಕೆಳಗೆ ಬರುವ ಹಾಗೆ ಕೂರಿಸಿ.

ಲೈಟು

ಹೆಡ್‌ಲೈಟ್ ಮಂಕು ಎಂದು ಎಚ್4 ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಲ್ಬು ಹಾಕುವ ಮೊದಲು ಇಷ್ಟು ಮಾಡಿ ನೋಡಿ. ಎಂಜಿನ್ ಓಡುತ್ತಿರಲಿ, ಲೈಟು ಉರಿಯುತ್ತಿರಲಿ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪಾಸಿಟಿವ್ ಮೇಲೆ, ಕರಿ ಕಡ್ಡಿ ಬಲ್ಬಿನ ಹೋಲ್ಡರಿನ ಪಾಸಿಟಿವ್ ಮೇಲೆ. ಅಲ್ಲಿ ಕಾಣುವ ಸಂಖ್ಯೆಯೇ ದಾರಿಯಲ್ಲಿ ಕಳೆದುಹೋದ ವೋಲ್ಟು. ಅದೇ ರೀತಿ ಅರ್ಥ್ ಕಡೆಯೂ ಅಳೆಯಿರಿ. ಎರಡೂ ಸೇರಿ 1.4 ಬಂದರೆ, 13.8 ಸಿಗಬೇಕಾದ ಬಲ್ಬಿಗೆ 12.4 ಸಿಗುತ್ತಿದೆ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಮೂರೂವರೆ ಘಾತಕ್ಕೆ ಹತ್ತಿರದ ಲೆಕ್ಕದಲ್ಲಿ ಏರಿಳಿಯುತ್ತದೆ, ಹಾಗಾಗಿ ಹತ್ತು ಪರ್ಸೆಂಟ್ ವೋಲ್ಟ್ ಇಳಿದರೆ ಬೆಳಕು ಮೂವತ್ತು ಪರ್ಸೆಂಟ್ ಹೋಗುತ್ತದೆ. ಹಳೆಯ ಮಾದರಿಯ ವೈರಿಂಗ್ ಇರುವ ಬೈಕುಗಳಲ್ಲಿ ಹೈ ಮತ್ತು ಲೋ ಬೀಮಿಗೆ ಒಂದೊಂದು ರಿಲೇ ಇರುವ, ಎಚ್4 ಕಪ್ಲರಿಗೇ ಕೂರುವ ರೆಡಿಮೇಡ್ ಕಿಟ್ ಹಾಕಿದರೆ ಅದೇ ಬಲ್ಬು ಬೇರೆಯದೇ ಆಗಿ ಕಾಣುತ್ತದೆ.

ಎಲ್‌ಇಡಿ ಬಲ್ಬಿನ ತೊಂದರೆ ವಾಟಿನದ್ದಲ್ಲ, ಜಾಗದ್ದು. ರಿಫ್ಲೆಕ್ಟರನ್ನು ಲೆಕ್ಕ ಹಾಕಿ ಮಾಡಿದ್ದು ಹ್ಯಾಲೊಜೆನ್ ತಂತಿ ಇರುವ ಬಿಂದುವಿಗೆ. ಎಲ್‌ಇಡಿಯ ಬಿಂದು ಒಂದು ಮಿಲಿಮೀಟರ್ ಆಚೀಚೆಯಾದರೂ ಬೆಳಕಿನ ಮೇಲಂಚಿನ ಕಟ್‌ಆಫ್ ಗೆರೆ ಹಾಳಾಗಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ, ನಮಗೆ ರಸ್ತೆ ಕಾಣುವುದಿಲ್ಲ. 6000 ಕೆಲ್ವಿನ್ನಿನ ನೀಲಿ ಬಿಳುಪು ಆಗುಂಬೆಯ ಮಂಜಿನಲ್ಲಿ ವಾಪಸು ನಮ್ಮ ಮುಖಕ್ಕೇ ಬರುತ್ತದೆ. 100/90 ವಾಟಿನ ಬಲ್ಬು ಹಾಕುವವರು ಹೋಲ್ಡರ್ ಕರಗಿದ ಮೇಲೆ ಬುದ್ಧಿ ಕಲಿಯುತ್ತಾರೆ.

ಫಾಗ್ ಲೈಟು ಅಗಲಕ್ಕೆ ಹರಡುವ, ಮೇಲೆ ಚಪ್ಪಟೆ ಗೆರೆಯಿರುವ ಹಳದಿ ಬೆಳಕಿನದ್ದಿರಲಿ, ಹೆಡ್‌ಲೈಟಿಗಿಂತ ಕೆಳಗಿರಲಿ. ಗೋಡೆಯಿಂದ 5 ಮೀಟರ್ ದೂರ, ಸವಾರ ಕೂತ ಸ್ಥಿತಿಯಲ್ಲಿ, ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬರಬೇಕು. ಲಗೇಜು ಹೇರಿದಾಗ ಮತ್ತೆ ನೋಡಿಕೊಳ್ಳಿ. ದೂರಕ್ಕೆ ಚುಚ್ಚುವ ಸ್ಪಾಟ್ ಲೈಟುಗಳನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮ ನಿಷೇಧಿಸುತ್ತದೆ, ಎರಡು ಮೂರು ಸ್ವರ ಹೊಡೆಯುವ ಹಾರ್ನನ್ನು 119ನೆಯದು. ಪೊಲೀಸರು ಹಿಡಿದಾಗ ಅಂಗಡಿಯವನು ಬರುವುದಿಲ್ಲ.

ಇಂಡಿಕೇಟರ್ ಎಲ್‌ಇಡಿ ಮಾಡಿದಾಗ ಪಟಪಟ ಹೊಡೆದುಕೊಳ್ಳುವುದು, ಅದನ್ನು ಮಿನುಗಿಸುವ ಫ್ಲಾಷರ್ ರಿಲೇ ಬಲ್ಬು ಹೋಗಿದೆ ಎಂದು ತಿಳಿಯುವುದರಿಂದ. ಎಲ್‌ಇಡಿಗೆ ಹೊಂದುವ ಫ್ಲಾಷರ್ ಹಾಕಿದರೆ ಮುಗಿಯಿತು. ಲೋಡ್ ರೆಸಿಸ್ಟರ್ ಹಾಕುವುದು ಉಳಿಸಿದ ಕರೆಂಟನ್ನು ಮತ್ತೆ ಬಿಸಿ ಮಾಡಿ ಸುಡುವ ಕೆಲಸ, ಫೇರಿಂಗಿನ ಪ್ಲಾಸ್ಟಿಕ್ಕಿಗೆ ತಾಗಿದರೆ ಅದನ್ನೂ ಕರಗಿಸುತ್ತದೆ. ಮೀಟರಿನಲ್ಲಿ ಎಡ ಬಲ ಎರಡಕ್ಕೂ ಒಂದೇ ಸೂಚಕ ದೀಪ ಇರುವ ಬೈಕಾದರೆ, ಒಂದು ಕಡೆ ಹಾಕಿದರೂ ನಾಲ್ಕೂ ಮಿನುಗುತ್ತವೆ. ಆ ಸಣ್ಣ ದೀಪದ ಮೂಲಕ ಕರೆಂಟು ಇನ್ನೊಂದು ಕಡೆಗೆ ದಾಟುವುದೇ ಕಾರಣ. ಎಡ, ಬಲ ಎರಡೂ ವೈರಿನಿಂದ ಒಂದೊಂದು 1ಎನ್4001 ಡಯೋಡ್ ದಾಟಿಸಿ ದೀಪಕ್ಕೆ ಕೊಟ್ಟು, ದೀಪದ ಇನ್ನೊಂದು ಕಾಲನ್ನು ಅರ್ಥ್ ಮಾಡಬೇಕು.

ಕಂಪ್ಯೂಟರ್ ಇರುವ ಬೈಕು

ಈಗಿನ ಬೈಕುಗಳಲ್ಲಿ ಸ್ವಿಚ್ಚಿನಿಂದ ಲೈಟಿಗೆ ನೇರ ವೈರು ಇಲ್ಲದಿರುವುದೂ ಉಂಟು. ಸ್ವಿಚ್ಚು ಒಂದು ಕಂಟ್ರೋಲ್ ಯೂನಿಟ್ಟಿಗೆ ಸುದ್ದಿ ಕೊಡುತ್ತದೆ, ಅದು ಲೈಟು ಹಾಕುತ್ತದೆ. ಯೂನಿಟ್‌ಗಳ ನಡುವೆ ಮಾತು ನಡೆಯುವುದು ಕ್ಯಾನ್ ಬಸ್ ಎಂಬ ಹೆಣೆದ ಎರಡು ವೈರುಗಳಲ್ಲಿ. ಬಾಷ್ ಕಂಪನಿ ಇದನ್ನು 1986ರಲ್ಲಿ ಕಾರಿಗೆಂದು ಹೊರತಂದದ್ದು. ಆ ಜೋಡಿಗೆ ಟೆಸ್ಟ್ ಲ್ಯಾಂಪ್ ಹಿಡಿಯಬಾರದು, ಕೆರೆದು ಕರೆಂಟು ತೆಗೆಯಬಾರದು. ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಬಿಚ್ಚಿ ಆ ಎರಡು ವೈರಿನ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಎಲ್ಲೋ ಒಂದು ಕಡೆ ಕಟ್ ಆಗಿದೆ, ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಆಗಿದೆ.

ಇಂಥ ಬೈಕಿನಲ್ಲಿ ರಿಲೇಯ 86ನೇ ಪಿನ್ನಿಗೆ ಹೆಡ್‌ಲೈಟ್ ಲೈನ್ ಕೊಡಬೇಡಿ. ಕೆಲವು ಯೂನಿಟ್‌ಗಳು ಲೈಟಿಗೆ ಕರೆಂಟನ್ನು ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡಿ ಕೊಡುತ್ತವೆ, ರಿಲೇ ಗುಯ್‌ಗುಡುತ್ತಾ ಕಾಂಟ್ಯಾಕ್ಟ್ ಸುಟ್ಟುಕೊಳ್ಳುತ್ತದೆ. ಹೆಚ್ಚುವರಿ ಲೋಡ್ ಗೊತ್ತಾದರೆ ಇನ್ನು ಕೆಲವು ಆ ಲೈನನ್ನೇ ಮುಚ್ಚಿ ಮೀಟರಿನಲ್ಲಿ ಎಚ್ಚರಿಕೆ ದೀಪ ಹಾಕುತ್ತವೆ. ಹೆಚ್ಚಿನ ಟೂರಿಂಗ್ ಬೈಕುಗಳಲ್ಲಿ ಆಕ್ಸೆಸರಿಗೆಂದೇ ಕಂಪನಿ ಬಿಟ್ಟ ಕಪ್ಲರ್ ಹೆಡ್‌ಲೈಟಿನ ಹಿಂದೆಯೋ ಸೀಟಿನಡಿಯೋ ಇರುತ್ತದೆ. ಕೆಲವದರಲ್ಲಿ ಎರಡಿರುತ್ತದೆ, ಒಂದರಲ್ಲಿ ಯಾವಾಗಲೂ ಕರೆಂಟು, ಇನ್ನೊಂದರಲ್ಲಿ ಕೀ ಹಾಕಿದಾಗ ಮಾತ್ರ. ಮೀಟರ್ ಹಿಡಿದು ಯಾವುದು ಯಾವುದೆಂದು ನೋಡಿ, ಕೀ ಹಾಕಿದಾಗ ಬರುವುದರಿಂದ 86ಕ್ಕೆ ಕೊಡಿ. ಕಂಪನಿ ವೈರಿಗೆ ಒಂದು ಗೀರೂ ಬೀಳದೆ ಕೆಲಸ ಆಯಿತು, ವಾರಂಟಿಯವರ ಜೊತೆ ಜಗಳವೂ ತಪ್ಪಿತು.

ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರಿನ ಹೆಸರಿನಲ್ಲಿ ಇಸಿಯುಗೆ ಸುಳ್ಳು ಸಿಗ್ನಲ್ ಕೊಡುವ ಪುಟ್ಟ ಡಬ್ಬಿಗಳನ್ನು ಬಿಎಸ್6 ಬೈಕಿಗೆ ಹಾಕುವುದು ದುಡ್ಡು ದಂಡ. ಇಸಿಯು ಆ ಸೆನ್ಸರ್ ನೋಡಿಯೇ ಪೆಟ್ರೋಲನ್ನು ತಿದ್ದುತ್ತಿರುತ್ತದೆ, ಲೆಕ್ಕ ತಪ್ಪಿದ್ದು ಗೊತ್ತಾದರೆ ಎಂಜಿನ್ ಲೈಟ್ ಹಾಕುತ್ತದೆ.

ಪ್ರಶ್ನೆಗಳು

ಸರ್, ಮಳೆಗಾಲದಲ್ಲಿ ಬೈಕು ವಾರಗಟ್ಟಲೆ ನಿಂತೇ ಇರುತ್ತದೆ. ಹೊಸ ಬ್ಯಾಟರಿ ಕೂಡ ಸತ್ತುಹೋಗುತ್ತದೆ. ಯಾಕೆ?

ನಿಮ್ಮದರಲ್ಲಿ ಟ್ರ್ಯಾಕರ್ ಉಂಟಾ? ಇದ್ದರೆ ಅದೇ ಇರಬಹುದು. 30 ಮಿಲಿಆಂಪ್ಸ್ ಎಳೆಯುವ ಟ್ರ್ಯಾಕರ್ ದಿನಕ್ಕೆ 0.72 ಆಂಪಿಯರ್ ಅವರ್ ತಿನ್ನುತ್ತದೆ. 8 ಆಂಪಿಯರ್ ಅವರ್ ಬ್ಯಾಟರಿ ಐದೂವರೆ ದಿನಕ್ಕೆ ಅರ್ಧ, ಹನ್ನೊಂದನೇ ದಿನಕ್ಕೆ ಖಾಲಿ. ಅರ್ಧ ಖಾಲಿಯಾಗಿ ಕೂತ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಮಾಡಿದರೂ ಪೂರ್ತಿ ಹಿಡಿಯುವುದಿಲ್ಲ. ಅಳೆಯುವುದು ಹೀಗೆ: ಕೀ ತೆಗೆದು ಐದು ನಿಮಿಷ ಬಿಡಿ, ನೆಗೆಟಿವ್ ಬಿಚ್ಚಿ, ಟರ್ಮಿನಲಿಗೂ ಆ ವೈರಿಗೂ ನಡುವೆ ಮೀಟರನ್ನು 10 ಆಂಪ್ಸ್‌ನಲ್ಲಿ ಇಡಿ. ಯಾವುದೇ ಕಾರಣಕ್ಕೂ ಆಗ ಸ್ಟಾರ್ಟರ್ ಒತ್ತಬೇಡಿ, ಮೀಟರಿನ ಫ್ಯೂಸು ಹೋಗುತ್ತದೆ. ಕೆಲವೇ ಮಿಲಿಆಂಪ್ಸ್ ಬಂದರೆ ಸಹಜ. ಹತ್ತಾರು ಬಂದರೆ ಒಂದೊಂದೇ ಫ್ಯೂಸು ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ ಸಂಖ್ಯೆ ಬೀಳುತ್ತದೋ ಆ ಲೈನಿನಲ್ಲಿ ಕಳ್ಳ ಇದ್ದಾನೆ. ಯುಎಸ್‌ಬಿ ಚಾರ್ಜರನ್ನು ಬ್ಯಾಟರಿಗೆ ನೇರ ಕೊಟ್ಟಿದ್ದರೂ ಇದೇ ಕಥೆ, ಫೋನ್ ಚುಚ್ಚದಿದ್ದರೂ ಅದರ ಹೊಟ್ಟೆಗೆ ಸ್ವಲ್ಪ ಹೋಗುತ್ತಿರುತ್ತದೆ. ನಿಲ್ಲಿಸಿಡುವ ಬೈಕಿಗೆ ಆಟೋ ಕಟ್ ಇರುವ ಸಣ್ಣ ಚಾರ್ಜರ್ ಹಾಕಿ, ಇಲ್ಲವೇ ನೆಗೆಟಿವ್ ಬಿಚ್ಚಿಡಿ.

ಲೀಥಿಯಂ ಬ್ಯಾಟರಿ ಹಾಕಬಹುದಾ? ತೂಕ ಕಡಿಮೆ ಆಗುತ್ತದಲ್ಲ.

ಹಾಕಬಹುದು, ಮೊದಲು ರೆಗ್ಯುಲೇಟರ್ ಅಳೆದು ನೋಡಿ. ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ 14.6 ವೋಲ್ಟ್ ಮೀರಬಾರದು. ಹಳೆಯ ಬೈಕುಗಳಲ್ಲಿ ಅದು ಮೀರುವುದುಂಟು. ನಿಂತಾಗ ಅದು 13.3ರ ಹತ್ತಿರ ತೋರಿಸುತ್ತದೆ, ಲೆಡ್ ಬ್ಯಾಟರಿಯ ಲೆಕ್ಕದಲ್ಲಿ ಓದಬೇಡಿ. 12.8ಕ್ಕೆ ಇಳಿದರೆ ಬಹುಪಾಲು ಖಾಲಿಯಾಗಿದೆ ಎಂದೇ ಅರ್ಥ.

ಈಗಾಗಲೇ ಕೆರೆದು ಟೇಪ್ ಸುತ್ತಿಸಿಯಾಗಿದೆ. ಎಲ್ಲ ಬಿಚ್ಚಿಸಬೇಕಾ?

ಬಿಚ್ಚಿಸಿ, ಮೇ ತಿಂಗಳೊಳಗೆ. ಕೆರೆದ ಜಾಗದ ತಾಮ್ರ ಇನ್ನೂ ಹೊಳೆಯುತ್ತಿದ್ದರೆ ಅದೃಷ್ಟ. ಆ ಜಾಗದಲ್ಲಿ ವೈರನ್ನು ಕತ್ತರಿಸಿ, ಅಂಟು ಇರುವ ಸ್ಲೀವಿನೊಂದಿಗೆ ಕ್ರಿಂಪ್ ಮಾಡಿಸಿ ಮುಚ್ಚಿ. ಕಪ್ಪಾಗಿದ್ದರೆ ಹೊಳಪು ಸಿಗುವಲ್ಲಿಯವರೆಗೆ ತೆಗೆದು, ಅಷ್ಟೇ ದಪ್ಪದ, ಅದೇ ಬಣ್ಣದ ವೈರಿನ ತುಂಡು ಸೇರಿಸಿ. ಬಣ್ಣ ಬೇರೆ ಹಾಕಿದರೆ ಮುಂದೆ ಸರ್ಕ್ಯೂಟ್ ಡಯಾಗ್ರಮ್ ಹಿಡಿದು ಕೂರುವ ಮೆಕ್ಯಾನಿಕ್ಕಿಗೆ ಅರ್ಧ ದಿನ ಅಲ್ಲೇ ಹೋಗುತ್ತದೆ. ಅಕ್ಕಪಕ್ಕದಲ್ಲಿ ಎರಡು ಮೂರು ವೈರು ಸೇರಿಸಬೇಕಾದರೆ ಎಲ್ಲ ಜಾಯಿಂಟೂ ಒಂದೇ ಜಾಗದಲ್ಲಿ ಬೇಡ, ಎರಡೆರಡು ಇಂಚು ಹಿಂದೆ ಮುಂದೆ ಬರಲಿ.